ಇಂಟರ್ವಲ್ ಆದಮೇಲೆ

ಕಟ್ಟಿನಕೆರೆ ಮಾರ್ಕೆಟ್ಟಿನ ಮೂಲೆಯಲ್ಲಿ ಒಂದು ಛತ್ರಿ,
ಛತ್ರಿಯ ಕಡ್ಡಿಗಳಿಗೆ ನೇತುಬಿಟ್ಟ ಹಲ್ಲು ಮೂಡದ ಕೀಲಿಕೈಗಳು,
ಕೆಳಗೆ ಅರ ಹಿಡಿದು ನಾನು.
ಅಮಾವಾಸ್ಯೆಗೆ ನಮ್ಮವರು ಅರ ಮುಟ್ಟುವುದಿಲ್ಲ.
ಆವತ್ತು ಸಿನಿಮಾ.
ವರ್ಷಕ್ಕೆ ಐದೋ ಆರೋ, ಜಾಸ್ತಿಯಿಲ್ಲ;
ಆದರೂ ಅಭಿಪ್ರಾಯಕ್ಕೇನು ಬರ, ಕೇಳಿ.

ಥ್ರಿಲ್ಲರಿನಲ್ಲಿ ನಾನು ಮುಖ ನೋಡುವುದಿಲ್ಲ, ಬಾಗಿಲು ನೋಡುತ್ತೇನೆ.
ಹೀರೋ ಬರುತ್ತಾನೆ, ಅವಳ ಜಡೆಯಿಂದ ಒಂದು ಪಿನ್ನು ಕಿತ್ತು
ಏಳು ಲಿವರಿನ ಬೀಗಕ್ಕೆ ತುರುಕುತ್ತಾನೆ,
ನಾನು ಕೆಮ್ಮಿ ಮುಗಿಸುವಷ್ಟರಲ್ಲಿ ಟಿಕ್.
ಹಾಲ್ ತುಂಬ ಶಿಳ್ಳೆ.
ಪಕ್ಕದವನಿಗೆ ಕೇಳುವ ಹಾಗೆ ಅನ್ನುತ್ತೇನೆ: "ಆಗಲ್ಲ ಸ್ವಾಮಿ,
ಇದೇ ಬೀಗಕ್ಕೆ ಹೋದ ತಿಂಗಳು ತಣ್ಣೀರುಹಳ್ಳದಲ್ಲಿ
ನಲವತ್ತು ನಿಮಿಷ ಮಂಡಿಯೂರಿದ್ದೆ."
ಕಮಲಾಕ್ಷಿ ತೊಡೆ ಚಿವುಟುತ್ತಾಳೆ.

ಕೊಲೆಗಾರನೂ ನನಗೆ ಬೇಗ ಸಿಕ್ಕುತ್ತಾನೆ.
ಮೊದಲರ್ಧದಲ್ಲಿ ಯಾರು ಟೀ ತಂದಿಟ್ಟು
ಸುಮ್ಮನೆ ನಿಲ್ಲುತ್ತಾನೋ, ಅವನೇ.
ಸುಮ್ಮನೆ ನಿಲ್ಲುವುದಕ್ಕೆ ಸಿನಿಮಾದವರು ಯಾರಿಗೂ ದುಡ್ಡು ಕೊಡುವುದಿಲ್ಲ.

ಸಂಸಾರದ ಚಿತ್ರ ಅವಳ ಆಯ್ಕೆ.
ಅದರಲ್ಲೂ ನನ್ನ ಕಣ್ಣು ಕೀಲಿಕೈಯ ಮೇಲೇ:
ಅತ್ತೆಯ ಸೊಂಟದಿಂದ ಬಿಚ್ಚಿ ಸೊಸೆಯ ಅಂಗೈಗೆ ಬೀಳುವ ಗೊಂಚಲು,
ಹಿಂದೆ ಕೊಳಲು.
ಅಷ್ಟೊಂದು ಕೀಲಿ ಯಾರ ಮನೆಯಲ್ಲಿದೆ? ನಮ್ಮಲ್ಲಿ ಎರಡು;
ಒಂದು ತುಳಸಿ ಡಬ್ಬದ ಕೆಳಗೆ, ಇಡೀ ಬೀದಿಗೆ ಗೊತ್ತು.
ಮತ್ತೆ ಆ ಮಹಡಿ ಮೆಟ್ಟಿಲು, ಜಗಳವಾಡಿದವರು ದಡದಡ ಹತ್ತಿ ಹೋಗುವುದಕ್ಕೆ!
ನಮ್ಮನೆಯಲ್ಲಿ ಕೋಪ ಬಂದರೆ ಇರುವುದು ಬಚ್ಚಲು,
ಅದೂ ಒಂದು ಬಕೆಟ್ಟು ತುಂಬುವಷ್ಟು ಹೊತ್ತು.
ಕೊನೆಗೆ ಅಣ್ಣತಮ್ಮಂದಿರು ಅಪ್ಪಿಕೊಳ್ಳುತ್ತಾರೆ.
ನಾನು ನನ್ನ ತಮ್ಮನನ್ನು ಅಪ್ಪಿದ ನೆನಪಿಲ್ಲ;
ಅವನ ಸ್ಕೂಟರಿಗೆ ಕೀ ಮಾಡಿಕೊಟ್ಟು ದುಡ್ಡು ತಗೊಳ್ಳಲಿಲ್ಲ, ಒಂದು ಸಲ.
ಆದರೂ ಆ ಜಾಗದಲ್ಲಿ ಅಳುವವನು ನಾನೇ.
ಕಮಲಾಕ್ಷಿ ಅಳುವುದಿಲ್ಲ.
"ಅಂಥ ಸೀರೆ ಉಟ್ಟು ಒಗ್ಗರಣೆ ಹಾಕ್ತಾರಾ ಯಾರಾದ್ರೂ?"

ಮೊನ್ನೆ ಅಮಾವಾಸ್ಯೆ, ಫಸ್ಟ್ ಶೋ, ಥ್ರಿಲ್ಲರು.
ಇಂಟರ್ವಲ್ಲಿನಲ್ಲಿ ಬೋಂಡ ಕಚ್ಚಿದ್ದೇನೆ, ಫೋನು:
ಹೇಮಾವತಿ ನಗರ. ಒಳಗಿನಿಂದ ಲಾಕು.
"ಮನೆಯವಳು ಒಳಗಿದ್ದಾಳೆ, ಮೂರು ಗಂಟೆಯಾಯ್ತು, ತೆಗೀತಿಲ್ಲ."
ಇವತ್ತು ಅಮಾವಾಸ್ಯೆ ಅಂದೆ.
"ಅಣ್ಣಾ" ಅಂದ. ಅಷ್ಟೇ.

ಬಾಗಿಲ ಮುಂದೆ ಹತ್ತು ಹನ್ನೆರಡು ಜನ,
ಯಾರ ಮುಖಕ್ಕೂ ಲೈಟು ಬಿಟ್ಟಿರಲಿಲ್ಲ.
ಪಿಟೀಲು ಇಲ್ಲ, ಗಡಿಯಾರದ ಸದ್ದಿಲ್ಲ,
ಪಕ್ಕದ ಮನೆಯ ಕುಕ್ಕರು ಮೂರು ಸಲ ಕೂಗಿ ಸುಮ್ಮನಾಯಿತು.
ಗಂಡ ನನ್ನ ಟಾರ್ಚು ಹಿಡಿದಿದ್ದ,
ಬೆಳಕು ಬೀಗದ ಮೇಲೆ ನಿಲ್ಲಲೇ ಇಲ್ಲ.
ಬೀಗದ ಮಾತು ಕೇಳೋಣವೆಂದು ಕಿವಿಯಿಟ್ಟೆ,
ಕೇಳಿದ್ದು ಫ್ಯಾನು.
ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ
ಇದು ತೆರೆಯದೇ ಇರಲಿ ಅನಿಸಿತು.

ತೆರೆಯಿತು.

ಚಾಪೆಯ ಮೇಲೆ ಆಕೆ, ಗೋಡೆಗೆ ಮುಖ ಮಾಡಿ.
ಯಾರೂ ಹೊಸಿಲು ದಾಟಲಿಲ್ಲ.
ಆಮೇಲೆ ಕಾಲಿನ ಬೆರಳು ಅಲ್ಲಾಡಿತು,
ಎದ್ದು ಕೂತು, ಸೆರಗೆಳೆದುಕೊಂಡು, ಗುಂಪನ್ನು ನೋಡಿ
"ನಿದ್ದೆ ಹತ್ತಿಬಿಡ್ತು" ಅಂದರು.
ಮತ್ತೆ: "ಚಪ್ಪಲಿ ಹೊರಗೆ ಬಿಡಿ ಎಲ್ಲಾ, ಬೆಳಿಗ್ಗೆಯಷ್ಟೇ ಒರೆಸಿದೀನಿ."

ಯಾರೂ ಯಾರನ್ನೂ ಅಪ್ಪಿಕೊಳ್ಳಲಿಲ್ಲ.
ಗಂಡ ಗೋಡೆಗೊರಗಿ, ಟಾರ್ಚು ಆರಿಸುವುದನ್ನೂ ಮರೆತು,
"ಎಷ್ಟಾಯ್ತು?" ಅಂದ.
ಅಮಾವಾಸ್ಯೆ ದಿನ ದುಡ್ಡು ಮುಟ್ಟಲ್ಲ ಅಂದೆ.
ಹಾಗೊಂದು ಪದ್ಧತಿ ನಮ್ಮಲ್ಲಿಲ್ಲ.

ಮನೆಗೆ ಬಂದರೆ ಕಮಲಾಕ್ಷಿ ಸಿನಿಮಾ ಮುಗಿಸಿ ಬಂದು
ಸಾರು ಬಿಸಿಗಿಟ್ಟಿದ್ದಳು.
"ಟೀ ತಂದವನೇ ತಾನೆ?"
"ಅವನಲ್ಲ."
"ಮತ್ತೆ ಯಾರು?"
"ಮೊದಲು ನೀವು ಹೇಳಿ. ಒಳಗೆ ಏನಿತ್ತು?"
"ಚಾಪೆ" ಅಂದೆ. "ಫ್ಯಾನು ತಿರುಗ್ತಿತ್ತು."
"ಅಷ್ಟಕ್ಕೆ ಹೋದ್ರಾ, ಬೋಂಡ ಅರ್ಧಕ್ಕೆ ಬಿಟ್ಟು?"
ಅಂದಳು, ತಟ್ಟೆ ಇಟ್ಟಳು.