ಮೆಟ್ಟಿಲಿಲ್ಲದ ಮನೆ ಬೇಕಾಗಿದೆ

ವೈದ್ಯೆ ಬರೆದುಕೊಟ್ಟದ್ದು ಒಂದೇ ಸಾಲು:
ಸೊಂಟದ ಮೂಳೆ ಕೂಡುವತನಕ ಮೆಟ್ಟಿಲು ಕೂಡದು.
ಬರೆದು, ತಾನೇ ನಕ್ಕಳು.
ವಾಲ್ಪರೈಸೊದಲ್ಲಿ!

ಇಲ್ಲಿ ಮೆಟ್ಟಿಲಿಲ್ಲದ್ದು ಸಮುದ್ರ ಒಂದೇ.
ಉಳಿದದ್ದೆಲ್ಲ ಗುಡ್ಡ, ಗುಡ್ಡದ ಹೆಗಲ ಮೇಲೆ ಗುಡ್ಡ,
ತಗಡಿನ ಮನೆಗಳು, ಒಂದರ ಸೂರು ಇನ್ನೊಂದರ ಅಂಗಳ;
ಹಾಲು ತರಲೂ ಮೆಟ್ಟಿಲು,
ಹೆಣ ಇಳಿಸಲೂ ಮೆಟ್ಟಿಲು.

ಇವಳು ಸಿಕ್ಕಿದ್ದು ಮೀನುಪೇಟೆಯ ತಿರುವಿನಲ್ಲಿ,
ಬಸ್ಸಿನ ಚಕ್ರ ಸವರಿಕೊಂಡು ಹೋದಮೇಲೆ.
ಮಾಸಿದ ಬೂದಿ ಬಣ್ಣ; ಒಂದು ಕಿವಿಯ ತುದಿ ಮೊದಲೇ ಇರಲಿಲ್ಲ.
ಐಸು ಒಡೆಯುವ ಹುಡುಗ ಮೀನಿನ ತಟ್ಟೆಯಲ್ಲೇ ಹೊತ್ತು ತಂದ.
ಮೊದಲ ವಾರವೆಲ್ಲ ನಮ್ಮ ಆಸರೆಮನೆಯ ಅಷ್ಟೂ ಬೆಕ್ಕುಗಳು
ಇವಳ ಗೂಡಿನ ಕಡೆಗೇ ಮೂಗು ತಿರುಗಿಸಿ ಕೂತಿದ್ದವು.

ಗೂಡಿನ ಚೀಟಿಯಲ್ಲಿ ಬರೆದೆ:
ಹೆಸರು, ಇನ್ನೂ ಇಲ್ಲ.
ವಯಸ್ಸು, ಹಲ್ಲು ಹೇಳುವಂತೆ ಮೂರು.
ಸ್ವಭಾವ…
ಇಲ್ಲಿ ಪೆನ್ನು ನಿಂತಿತು.
'ಸಂಕೋಚದವಳು' ಎಂದು ಬರೆಯುವುದು ನಮ್ಮ ರೂಢಿ.
ಅಂದು ಬೆಳಿಗ್ಗೆಯೇ ನನ್ನ ಹೆಬ್ಬೆರಳಿಗೆ ನಾಲ್ಕು ತೂತು.
'ಕಚ್ಚುತ್ತಾಳೆ' ಎಂದು ಬರೆದೆ.
ಆಮೇಲೆ ಪಾಪವೆನಿಸಿ, 'ಕಾರಣವಿದ್ದರೆ' ಎಂದು ಸೇರಿಸಿದೆ.
ಕೊನೆಗೆ ದಪ್ಪಕ್ಷರದಲ್ಲಿ:
ಮೆಟ್ಟಿಲಿಲ್ಲದ ಮನೆ ಬೇಕಾಗಿದೆ.

ಫೋನುಗಳು ಬಂದವು.
ಎಷ್ಟು ಮೆಟ್ಟಿಲು, ಅನ್ನುತ್ತಿದ್ದೆ, ನಮಸ್ಕಾರಕ್ಕೂ ಮುಂಚೆ.
'ಹೆಚ್ಚೇನಿಲ್ಲ' ಅಂದಳು ಒಬ್ಬಳು.
'ನಮ್ಮಜ್ಜಿಯೇ ಹತ್ತುತ್ತಾಳೆ' ಅಂದ ಇನ್ನೊಬ್ಬ.
ಬ್ಯಾಂಕುಗಳಿರುವ ಸಪಾಟು ಬೀದಿಯಿಂದ ಒಂದು ದನಿ:
ಲಿಫ್ಟಿದೆ, ಬಾಲ್ಕನಿ ಇದೆ, ಸೋಫಾ ಮಾತ್ರ ಬಿಳಿ,
ಬೂದಿ ಬಣ್ಣ ಹೊಂದುತ್ತದೋ ಇಲ್ಲವೋ, ಒಂದು ಫೋಟೋ ಕಳಿಸಿ.
ಕಳಿಸಿದೆ. ಕಿವಿ ನೋಡಿದರೋ ಏನೋ,
ಆ ಕಡೆಯಿಂದ ಸದ್ದಿಲ್ಲ.

ಮಂಗಳವಾರ ಸಂಜೆ, ಎವರಿಸ್ತೊ ಕಾರ್ಕಮೊ ಎಂಬಾತ.
ಎಷ್ಟು ಮೆಟ್ಟಿಲು?
'ತಡೀರಿ' ಅಂದವನೇ ಫೋನು ಹಿಡಿದು ಇಳಿಯತೊಡಗಿದ.
ಒಂದು, ಎರಡು, ಗಾಳಿ, ಹದಿನೇಳು,
ಯಾವುದೋ ನಾಯಿಗೆ ಗದರಿಕೆ, ನಲವತ್ತು,
'ಏನಿಲ್ಲ ದೋನ್ಯಾ ಫ್ರೇಸಿಯಾ, ಎಣಿಸ್ತಿದೀನಿ,'
ಅರವತ್ತೊಂದು, ಏದುಸಿರು.
ನಾನು ಕಿವಿಗಾನಿಸಿಕೊಂಡು ಕೂತಿದ್ದೆ,
ಇನ್ನೊಂದು ಕೈಯಲ್ಲಿ ಇವಳ ಔಷಧದ ಪಿಚಕಾರಿ.
ನೂರ ಮೂವತ್ತೇಳು, ಅಂದ. ಬೀದಿಗೆ ಬಂದೆ.
ಆಗೋದಿಲ್ಲ, ಅಂದೆ.
ಗೊತ್ತಿತ್ತು, ಅಂದ.
ಈಗ ಅಷ್ಟನ್ನೂ ಮತ್ತೆ ಹತ್ತಬೇಕಲ್ಲ ಅವನು,
ಹೊಳೆದದ್ದು ಫೋನಿಟ್ಟ ಮೇಲೆ.

ಮಾರನೆಯ ದಿನ ಅದೇ ನಂಬರು.
'ನಿನ್ನೆ ತಪ್ಪು ಹೇಳಿದೆ. ನೂರ ಮೂವತ್ತೆಂಟು.
ನಡುವೆ ಒಂದು ಮುರಿದಿದೆ. ದಾಟಿ ದಾಟಿ
ಕಾಲು ಅದನ್ನು ಮರೆತೇಬಿಟ್ಟಿದೆ.'
ಅಷ್ಟೇ. ಬೆಕ್ಕು ಕೊಡಿ ಎಂದು ಕೇಳಲಿಲ್ಲ.

ರಾತ್ರಿ ಗೂಡಿನ ಮುಂದೆ ಕೂತು ನನ್ನದೇ ಚೀಟಿ ಓದಿದೆ.
ಇವಳು ಹಿಂಗಾಲೆಳೆದುಕೊಂಡು ಬಂದು
ಎಂದಿನಂತೆ ನೀರಿನ ಬಟ್ಟಲು ಮಗುಚಿದಳು.
ಇಷ್ಟು ದಿನ ನಾನು ಹುಡುಕಿದ್ದು ನೆಲವನ್ನು.
ನೆಲ ಯಾರನ್ನೂ ಎತ್ತಿಕೊಳ್ಳುವುದಿಲ್ಲ.

ವೈದ್ಯೆಯನ್ನು ಕೇಳಿದೆ: ಇವಳು ಹತ್ತಬಾರದು, ಸರಿ.
ಯಾರಾದರೂ ಹೊತ್ತರೆ?
ಹೊತ್ತರೆ ಸೊಂಟ ಹೊತ್ತವನದು, ಅಂದಳು,
ಅದು ನನ್ನ ವಿಭಾಗವಲ್ಲ.

ಶನಿವಾರ ಬಂದ. ಅರವತ್ತು ದಾಟಿದವ, ಕುಳ್ಳ,
ನಲ್ಲಿ ರಿಪೇರಿಯವ;
ಪಾನಾ, ಇಕ್ಕಳ ಸುರಿದಿಟ್ಟು ಖಾಲಿ ಮಾಡಿದ ಮರದ ಪೆಟ್ಟಿಗೆ,
ಒಳಗೆ ಮಡಿಸಿದ ಸ್ವೆಟರು.
ಕಚ್ಚುತ್ತಾಳೆ, ಅಂದೆ.
ಓದಿದೆ, ಅಂದ. ಕಾರಣವಿದ್ದರೆ.
ಕೈ ಒಳಗಿಟ್ಟ. ಕಚ್ಚಿದಳು.
ಕೈ ತೆಗೆಯದೆ ನಿಂತು ಯೋಚಿಸಿದ,
ಏನಿರಬಹುದು ಕಾರಣ ಎಂದು.

ಪೆಟ್ಟಿಗೆ ಎದೆಗವಚಿಕೊಂಡು ಹೊಸ್ತಿಲಲ್ಲಿ ತಿರುಗಿದ.
ಆ ಮುರಿದದ್ದಕ್ಕೆ ಇವತ್ತೇ ಸಿಮೆಂಟು ಹಾಕಬೇಕು, ಅಂದ,
ನನಗಲ್ಲ, ಪೆಟ್ಟಿಗೆಗೆ.
ಹೋದಮೇಲೆ ನೋಡುತ್ತೇನೆ, ಚೀಟಿಯಲ್ಲಿ
ಹೆಸರಿನ ಜಾಗ ಹಾಗೇ ಇದೆ.
ಏನೆಂದು ಕರೆಯುತ್ತಾನೋ, ಕೇಳುವುದು ಮರೆತೆ.