ಇಸೊ

ಅರ್ಲಾನ್ಸಾ ಹೊಳೆಗೆ ಸೇತುವೆ ಮುಗಿದ ವಾರ
ಕರಣಿಕ ಗುತಿಯೆರ್ ಮುಂದೆ ಹಾಸಿದ್ದು ಒಂದು ಕುರಿಯ ಚರ್ಮ,
ಮೂಲೆಯಲ್ಲಿ ತೂತು,
ಕುರಿ ಬದುಕಿದ್ದಾಗ ಹುಳು ಕಚ್ಚಿದ್ದು.

ಮುದಿ ಲ್ಯಾಟಿನ್ನಿಗೆ ಒಂದೇ ಮಾತು ಸಾಕಿತ್ತು: ಯುಸ್ಸಿತ್.
ಅಪ್ಪಣೆಯಾಯಿತು, ಅಷ್ಟೆ.
ಈಗ ಸಂತೆಯ ಮಾತಲ್ಲಿ ಬರೆ ಎಂದಿದ್ದಾರೆ,
ಉಪ್ಪು ಮಾರುವವಳಿಗೂ ತಿಳಿಯಲಿ.

ಗರಿ ಅದ್ದಿ ಬರೆದ: ಫಿಸೊ. ಮಾಡಿದ.
ತಡೆದ. ಮಾಡಿದನೇ ದೋನ್ ಒರ್ದೋನ್ಯೊ?
ಗಿಡುಗ ಗೀರಿದ್ದು ಬಿಟ್ಟರೆ ಆ ಕೈಗೆ ಗಾಯವೇ ಇಲ್ಲ.
ಪಕ್ಕಕ್ಕೆ ಇನ್ನೊಂದು ಮಾತು ತಂದಿಟ್ಟ: ಫಸೇರ್. ಮಾಡುವುದು.
ಫಿಸೊ ಫಸೇರ್.
ಒಂದೇ ಧಾತು ಎರಡು ಸಲ.
ಮುಂದಿನದಕ್ಕೆ ಕಾಲವುಂಟು, ಒಡೆಯನುಂಟು, ಕುದುರೆಯುಂಟು;
ಹಿಂದಿನದು ಬರಿಗಾಲು,
ಯಾರದೂ ಅಲ್ಲ, ಯಾವತ್ತಿನದೂ ಅಲ್ಲ.

ನನ್ನ ನುಡಿಯಲ್ಲಿ ಇದು ಇಷ್ಟು ಕಣ್ಣಿಗೆ ಹೊಡೆಯದು.
‘ಕಟ್ಟು’ವಿನ ಬೆನ್ನಿಗೊಂದು ‘ಇಸು’ ಹೊಲಿದು
ಕಟ್ಟಿಸಿದ ಅನ್ನುತ್ತೇವೆ;
ಕಟ್ಟಿದವನು ಹೊಲಿಗೆಯೊಳಗೇ ಉಳಿಯುತ್ತಾನೆ.
ಅವರಲ್ಲಿ ಎರಡು ಮಾತಿನ ನಡುವೆ ಇನ್ನೂ
ಒಬ್ಬ ಮನುಷ್ಯ ನುಸುಳುವಷ್ಟು ಸಂದು.

ಕಿಟಕಿಯಾಚೆ ಕಲ್ಲುಕುಟಿಗ ಮುನ್ಯೊ,
ಎಡಗೈಯ ಎರಡು ಬೆರಳು ಮೂರನೆಯ ಕಮಾನಿಗೆ ಕೊಟ್ಟವನು,
ಬಾಕಿ ಕೂಲಿಗೆ ಕಾದು ಈರುಳ್ಳಿ ಕಚ್ಚುತ್ತ ಕೂತಿದ್ದ.
ಗುತಿಯೆರ್ ನೋಡಿದ. ಬರೆದ:
ಫಿಸೊ ಆ ಮುನ್ಯೊ ಫಸೇರ್,
ಮುನ್ಯೊನ ಕೈಲಿ ಮಾಡಿಸಿದ.
‘ಆ’ ಒಂದೇ ಅಕ್ಷರ, ಅಗುಳಿಯಷ್ಟು,
ಬಾಗಿಲು ಮಾತ್ರ ತೆರೆದಿತ್ತು.

ಪಾರುಪತ್ಯಗಾರ ಓದಿಸಿ ಕೇಳಿದ. ನಕ್ಕ.
‘ಚರ್ಮ ದುಬಾರಿ, ಸ್ವಾಮಿ.’
ಗುತಿಯೆರ್ ಚೂರಿ ತೆಗೆದು ಹೆರೆದ.
ಬೆಳಕಿಗೆ ಹಿಡಿದರೆ ಅಲ್ಲಿ ಚರ್ಮ ತೆಳು.

ಆಮೇಲೆ ಆ ಎರಡು ಮಾತು ಒತ್ತೊತ್ತಿಗೆ ಬಂದವು,
ಕಿರಿದಾದ ಮೆಟ್ಟಿಲಲ್ಲಿ ಹೆಗಲಿಗೆ ಹೆಗಲು ತಾಗಿದ ಹಾಗೆ.
ದುಡಿದವನು ಬೇಕೆಂದರೆ ಸಾಲಿನ ಕೊನೆಗೆ ಹೋಗಿ ನಿಲ್ಲಲಿ.
ನೂರಾರು ವರ್ಷದ ಬಾಯಲ್ಲಿ ‘ಫ’ ಸವೆದು ‘ಹ’ ಆಯಿತು,
ನಮ್ಮಲ್ಲೂ ಪಾಲು ಹಾಲಾಯಿತಲ್ಲ, ಹಾಗೆಯೇ.
ಆಮೇಲೆ ಆ ಉಸಿರೂ ಹೋಯಿತು.
ಈಗ ಕಡಲಾಚೆ, ತೆಂಕಣದವರ ಬಾಯಲ್ಲಿ
ಅದು ಬರೀ ಇಸೊ.
ಇಸೊ, ಇಸು.
ನೆಂಟಸ್ತಿಕೆಯೇನಿಲ್ಲ, ಬಲ್ಲೆ.
ಆದರೂ ಎಲ್ಲ ಊರಿನ ಒಡೆಯರೂ
ಒಂದೇ ಸದ್ದಲ್ಲಿ ಕೆಮ್ಮಿದ ಹಾಗೆ ಕೇಳಿಸಿತು.

ಶಾಸನ ಕೊರೆದವನೂ ಮುನ್ಯೊನೇ. ಓದಲು ಬಾರದು;
ಗುತಿಯೆರ್ ಇದ್ದಲಿನಲ್ಲಿ ಗೀಚಿಕೊಟ್ಟ ಗೆರೆಯ ಮೇಲೆ ಉಳಿ ಇಟ್ಟ.
ಫಿಸೊ ಆದಮೇಲೆ ಎರಡು ಬೆರಳಗಲ ಜಾಗ ಬಿಟ್ಟು
ಫಸೇರ್ ಶುರುಮಾಡಿದ.
ಯಾಕೆಂದು ಕೇಳಿದರೆ,
ಕಲ್ಲಿನಲ್ಲಿ ಗಂಟು ಸಿಕ್ಕಿತು ಅಂದನಂತೆ.