ಮಂಡಗದ್ದೆ ಸ್ಟಾಪು

ದುರ್ಗಿಗುಡಿಯ ಸ್ಕ್ಯಾನಿಂಗ್ ಸೆಂಟರಿನಲ್ಲಿ
ಹನ್ನೊಂದು ವರ್ಷದಿಂದ ರಿಪೋರ್ಟು ಟೈಪ್ ಮಾಡುತ್ತೇನೆ.
ಡಾಕ್ಟರ ಮಾತು ಕಿವಿಯಲ್ಲಿ, ಬೆರಳು ಕೀಲಿಮಣೆಯಲ್ಲಿ,
ನಡುವೆ ನಾನು ಇರುವುದಿಲ್ಲ.

ಮಿದುಳಲ್ಲಿ ಬಿಳಿ ಚುಕ್ಕೆ ಅಂದರೆ
ಹೆದರಬೇಕಿಲ್ಲ, ಬಹಳ ಸಲ.
ಎಪ್ಪತ್ತು ದಾಟಿದವರಿಗೆ ಅದು ತಲೆಯೊಳಗಿನ ನರೆ.
ಬೀಪಿ, ಶುಗರು ಇದ್ದವರಿಗೆ ಸ್ವಲ್ಪ ಬೇಗ.
ಹೊಸನಗರದ ಆ ಹುಡುಗಿ, ಇಪ್ಪತ್ತಮೂರು,
ಒಂದು ಕಣ್ಣು ಮಸುಕೆಂದು ಬಂದವಳು,
ಅವಳದು ಬೇರೆ: ನರದ ಸಿಪ್ಪೆಯನ್ನು
ಅವಳದೇ ರಕ್ತ ಸುಲಿಯುತ್ತಿತ್ತು.
ಅವಳ ಹೆಸರನ್ನು ಎರಡು ಸಲ ತಪ್ಪಾಗಿ ಹೊಡೆದಿದ್ದೆ.

ಜುಲೈನಲ್ಲಿ ಅಣ್ಣ ಬಂದ.
ತೀರ್ಥೇಶ, ನಲವತ್ತನಾಲ್ಕು, ಬಸ್ ಕಂಡಕ್ಟರು,
ಬೀಪಿ ಇಲ್ಲ, ಶುಗರಿಲ್ಲ.
ಗಾಜನೂರು, ಸಕ್ರೆಬೈಲು, ಆಮೇಲೆ ನೇರ ಮಾಳೂರು
ಎಂದು ಕೂಗಿದನಂತೆ, ಒಂದು ವಾರ.
ಮಂಡಗದ್ದೆಯಲ್ಲಿ ಇಳಿಯುವವರು
ಚಿಲ್ಲರೆಗೆ ಜಗಳಾಡುವಂತೆ
ಊರಿಗಾಗಿ ಜಗಳಾಡಿದರಂತೆ.

ಮಾನಿಟರಿನಲ್ಲಿ ಕಂಡಿತು ಮಂಡಗದ್ದೆ.
ತುಂಗೆಯ ನಡುಗಡ್ಡೆ, ಅರ್ಧ ಮುಳುಗಿದ ಮರ,
ಕೊಂಬೆಕೊಂಬೆಗೆ ಬೆಳ್ಳಕ್ಕಿ.
ಎಡಕ್ಕೂ ಬಲಕ್ಕೂ ಲೆಕ್ಕ ಹಾಕಿ ಕೂತ ಹಾಗೆ;
ಕಣತಲೆಯೊಳಗಿನ ತುದಿಗಳಲ್ಲಿ,
ಸಾಮಾನ್ಯವಾಗಿ ಯಾವುದೂ ಕೂರದ ಕೊಂಬೆಗಳಲ್ಲಿ,
ದಟ್ಟ.
ಡಾಕ್ಟರು ಹೇಳುತ್ತ ಹೇಳುತ್ತ ನಿಲ್ಲಿಸಿದರು.
‘ನಿಮ್ಮ ತಾಯಿಗೆ ಏನಾಗಿತ್ತು?’
ಹನ್ನೊಂದು ವರ್ಷದಲ್ಲಿ ಅವರು
ನನ್ನನ್ನು ಕೇಳಿದ ಮೊದಲ ಪ್ರಶ್ನೆ.

ಅವ್ವನಿಗೆ ಅರೆತಲೆನೋವು.
ಹಣೆಗೆ ಬಟ್ಟೆ ಬಿಗಿದು ಕತ್ತಲಲ್ಲಿ ಕೂರುತ್ತಿದ್ದಳು.
ಅರವತ್ತಕ್ಕೆ ಅರಳುಮರಳು ಅಂತಾರೆ,
ಅವಳಿಗೆ ನಲವತ್ತೊಂಬತ್ತಕ್ಕೆ.
ಹಾಲು ಉಕ್ಕಿ ಒಲೆ ಆರುವ ತನಕ
ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.
ಊರವರು ಚೌಡಿಗೆ ಕೋಳಿ ಕೊಡಿಸಿದರು.

ಅಣ್ಣನ ರಕ್ತ ಮಣಿಪಾಲಕ್ಕೆ ಹೋಗಿ ಬಂತು.
ರೋಗದ ಹೆಸರು ಕಾಡಾಸಿಲ್.
‘ಹೆಸರಲ್ಲೇ ಕಾಡು ಐತಲ್ಲೇ’ ಎಂದು ನಕ್ಕ.
‘ಕಾಡೋದೂ ಐತೆ’ ಅಂದೆ. ಚಾ ಕುಡಿದೆವು.
ಪ್ರತಿ ಮಗುವಿಗೂ ಅರ್ಧಕ್ಕರ್ಧ ಎಂದರು ಡಾಕ್ಟರು,
ನಾಣ್ಯ ಚಿಮ್ಮಿದ ಹಾಗೆ.
ಅಣ್ಣನ ಚೀಲದ ತುಂಬ ನಾಣ್ಯ.

ಅವನೀಗ ಟಿಕೆಟ್ ಕಟ್ಟಿನ ಹಿಂದೆ
ಸ್ಟಾಪುಗಳನ್ನು ಬರೆದಿಟ್ಟುಕೊಂಡಿದ್ದಾನೆ.
ಮಂಡಗದ್ದೆಯ ಜಾಗದಲ್ಲಿ ಅಕ್ಷರವಿಲ್ಲ,
ಉದ್ದ ಕಾಲಿನ ಒಂದು ಹಕ್ಕಿ.

ನನಗೂ ಒಮ್ಮೊಮ್ಮೆ ಎಡಗಣ್ಣಂಚಿನಲ್ಲಿ
ಗರಗಸದ ಹಲ್ಲಿನಂಥ ಬೆಳಕು ಹರಿಯುತ್ತದೆ,
ಇಪ್ಪತ್ತು ನಿಮಿಷ. ಯಾರಿಗೂ ಹೇಳಿಲ್ಲ.
ಮಧ್ಯಾಹ್ನ ಮಷಿನ್ನು ಖಾಲಿ.
‘ಮಲಗಿ ಅಕ್ಕ, ದುಡ್ಡು ಬೇಡ’ ಎಂದ ಟೆಕ್ನಿಷಿಯನ್ ಇಲಿಯಾಸ್.
ಲೋಹದ್ದೇನೂ ಮೈಮೇಲಿರಬಾರದು.
ಬಳೆ ತೆಗೆದೆ. ಒಂದು ಓಲೆ ಬಿಚ್ಚಿದೆ,
ಅಂಗೈಯಲ್ಲಿ ಹಿಡಿದು ನಿಂತೆ.
ಆಮೇಲೆ ಮತ್ತೆ ಹಾಕಿಕೊಂಡೆ.